ಒತ್ತಡ ಗುಂಪು ಎಂದರೆ ಧರಣಿ ಕೂರುವವರು ಮಾತ್ರವೇ? ಅವರ ಮಾತಿಗೆ ಸರ್ಕಾರ ನಿಜವಾಗಿ ಬಗ್ಗುತ್ತದೆಯೇ?

ರಾಜ್ಯಶಾಸ್ತ್ರ ಓದುತ್ತಿದ್ದೀರಿ ಎಂದಿದ್ದೀರಿ, ಹಾಗಾಗಿ ವ್ಯಾಖ್ಯಾನ ನಿಮಗೆ ಗೊತ್ತೇ ಇರುತ್ತದೆ: ಚುನಾವಣೆಗೆ ನಿಲ್ಲದೆ, ತಮಗೆ ಬೇಕಾದ ತೀರ್ಮಾನವನ್ನು ಸರ್ಕಾರದಿಂದ ಮಾಡಿಸಿಕೊಳ್ಳಲು ಹೊರಟವರು. ಧರಣಿ ಅದರಲ್ಲಿ ಒಂದು ದಾರಿ ಅಷ್ಟೆ. ನಾನು ಕಂಡಂತೆ, ಹೇಳಿದ ಮಾತಿಗೆ ವಿಧಾನಸೌಧದೊಳಗೆ ಬೆಲೆ ಇರುವವರು ಬೀದಿಗೆ ಇಳಿಯುವುದೇ ಇಲ್ಲ.

2024ರ ಜುಲೈ ನೆನಪಿಸಿಕೊಳ್ಳಿ. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ರಾಜ್ಯ ಸಂಪುಟ 15ರಂದು ಒಪ್ಪಿಗೆ ಕೊಟ್ಟಿತು. ಕಂಪನಿಗಳು ಬೇರೆ ಕಡೆ ಹೋಗಬೇಕಾದೀತು, ಮಸೂದೆ ಹಿಂಪಡೆಯಿರಿ ಎಂದು ಐಟಿ ಉದ್ಯಮದ ಸಂಘಟನೆ ನಾಸ್ಕಾಂ ಹೇಳಿಕೆ ಕೊಟ್ಟಿತು. ಹೆಸರಾಂತ ಉದ್ಯಮಿಗಳೂ ದನಿಗೂಡಿಸಿದರು. 17ರಂದು ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಎರಡೇ ದಿನ! ಅದೇ ಉದ್ಯೋಗದ ವಿಷಯದಲ್ಲಿ, ಕನ್ನಡಿಗರಿಗೆ ಆದ್ಯತೆ ಕೊಡಬೇಕೆಂದ ಸರೋಜಿನಿ ಮಹಿಷಿ ವರದಿ ಜಾರಿ ಮಾಡಿ ಎಂದು ಕನ್ನಡ ಸಂಘಟನೆಗಳು 1980ರ ದಶಕದಿಂದ ಕೇಳುತ್ತಲೇ ಬಂದಿವೆ. ಮಸೂದೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ತೆರಿಗೆ, ಉದ್ಯೋಗ, ಹೂಡಿಕೆ ಯಾರ ಕೈಯಲ್ಲಿದೆಯೋ ಅವರು ಬರೀ ಹೇಳಿಕೆ ಕೊಟ್ಟರೂ ಸಾಕಾಗುತ್ತದೆ ಎಂಬುದನ್ನು ಗಮನಿಸಿ.

ಅಂಥದ್ದೇನೂ ಕೈಯಲ್ಲಿ ಇಲ್ಲದವರು ಏನು ಮಾಡಬೇಕು? ನನಗೆ ಈಗಲೂ ಹುರುಪು ಕೊಡುವುದು ಕುಸನೂರಿನ ಹೋರಾಟ. 1984ರಲ್ಲಿ ರಾಜ್ಯ ಸರ್ಕಾರ, ಮರದಿಂದ ರೇಯಾನ್ ತಿರುಳು ಮಾಡುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಕಟ್ಟಿತು. ಆ ಕಾರ್ಖಾನೆಗೆ ಬೇಕಾದ ನೀಲಗಿರಿ ಮರ ಬೆಳೆಯಲು ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿ ಕೊಡುವುದೆಂದು ಒಪ್ಪಂದವಾಯಿತು. ಊರಿನವರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಜಾಗ ಅದು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಊರೂರು ತಿರುಗಿ ಜನರನ್ನು ಸೇರಿಸಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು, 1987ರಲ್ಲಿ ತಡೆಯಾಜ್ಞೆ ಸಿಕ್ಕಿತು. ಅದೇ ವರ್ಷ ನವೆಂಬರ್ 14ರಂದು, ಒಪ್ಪಂದಕ್ಕೆ ಮೂರು ವರ್ಷ ತುಂಬಿದ ದಿನವೇ, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಊರಿಗೆ ಉಪಯೋಗವಾಗುವ ಸಸಿ ನೆಟ್ಟು, ಜನ ಬಂಧನಕ್ಕೆ ಒಳಗಾದರು. ಕೊನೆಗೆ 1991ರಲ್ಲಿ ಕಂಪನಿ ಮುಚ್ಚಿತು.

ಏಳು ವರ್ಷ ಹಿಡಿಯಿತು, ಆದರೆ ಗೆದ್ದರು. ಬರೀ ಸಸಿ ಕಿತ್ತಿದ್ದರೆ ಪೊಲೀಸ್ ಕೇಸಿನಲ್ಲಿ ಮುಗಿದುಹೋಗುತ್ತಿತ್ತು, ಬರೀ ಕೋರ್ಟಿಗೆ ಹೋಗಿದ್ದರೆ ಊರಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೋರ್ಟು, ಬೀದಿ ಎರಡೂ ಕಡೆ ಒಟ್ಟಿಗೆ ಹಿಡಿದಿದ್ದರಿಂದಲೇ ಸರ್ಕಾರಕ್ಕೆ ನುಣುಚಿಕೊಳ್ಳಲು ಆಗಲಿಲ್ಲ.

ಇನ್ನು ಪುಸ್ತಕದಲ್ಲಿ ಸಿಗದ ಒಂದು ಸಂಗತಿ. ನಾನು ಒಂದು ಸಂಘಟನೆಗೆ ಮನವಿ ಪತ್ರ ಬರೆದುಕೊಡುತ್ತಿದ್ದೆ. ಧರಣಿಯ ಸಂಜೆ ತಹಶೀಲ್ದಾರರು ಬರುತ್ತಾರೆ, ಮನವಿ ಪಡೆಯುತ್ತಾರೆ, 'ಸರ್ಕಾರದ ಗಮನಕ್ಕೆ ತರುತ್ತೇವೆ' ಎನ್ನುತ್ತಾರೆ. ಫೋಟೊ ಆಗುತ್ತದೆ, ಶಾಮಿಯಾನ ಬಿಚ್ಚುತ್ತಾರೆ. ಬಹಳಷ್ಟು ಹೋರಾಟಗಳು ಸೋಲುವುದು ಅದರ ಮರುದಿನ, ಯಾರೂ ಕಚೇರಿಗೆ ಹೋಗದೆ ಇರುವುದರಿಂದ. ಮನವಿಯ ಇನ್ನೊಂದು ಪ್ರತಿಗೆ ಟಪಾಲು ಶಾಖೆಯಲ್ಲಿ ಸೀಲು ಹಾಕಿಸಿಕೊಳ್ಳಬೇಕು. ಅದು ಯಾವ ಶಾಖೆಗೆ ಹೋಯಿತು, ಕಡತ ತೆರೆದರೋ ಇಲ್ಲವೋ ಕೇಳುತ್ತಿರಬೇಕು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಕಡತದ ಟಿಪ್ಪಣಿ ಹಾಳೆಯ ನಕಲು ಕೇಳಬೇಕು. ಯಾವ ಹಂತದಲ್ಲಿ ನಿಮ್ಮ ಬೇಡಿಕೆಗೆ ಅಡ್ಡಿ ಬಂತು, ಏನು ಕಾರಣ ಬರೆದಿದ್ದಾರೆ ಎಂಬುದು ಅಲ್ಲಿರುತ್ತದೆ. ಮುಂದಿನ ಮನವಿಯಲ್ಲಿ ಆ ಕಾರಣಕ್ಕೇ ಉತ್ತರ ಕೊಡಬಹುದು.

ಕರಡು ನಿಯಮಗಳನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರಲ್ಲ, ಅದಕ್ಕೂ ಗಡುವಿನೊಳಗೆ ಬರೆಯಿರಿ. ಉದ್ಯಮ ಸಂಘಗಳು ಅದನ್ನು ಓದುವುದಕ್ಕೆಂದೇ ಜನ ಇಟ್ಟುಕೊಂಡಿರುತ್ತವೆ. ರೈತರ, ಕಾರ್ಮಿಕರ ಕಡೆಯಿಂದಲೂ ಯಾರಾದರೂ ಓದಲೇಬೇಕು. ನಿಮ್ಮಂಥ ವಿದ್ಯಾರ್ಥಿಗಳು ಕೂತು ಮಾಡಬಹುದಾದ ಕೆಲಸ ಅದು.