28 ಪಂದ್ಯ ಸತತವಾಗಿ ಸೋತ ಡೆಟ್ರಾಯಿಟ್ ಪಿಸ್ಟನ್ಸ್ ಬೇಕೆಂದೇ ಸೋತಿತೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2023–24ರ ಋತುವಿನಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ಸತತ 28 ಪಂದ್ಯ ಸೋತಿತು, ಮರುವರ್ಷವೇ 44 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಯಿತು. ಮಿಷಿಗನ್‌ನಲ್ಲಿರುವ ನಿಮ್ಮ ತಮ್ಮ, "ಡ್ರಾಫ್ಟ್‌ನಲ್ಲಿ ಒಳ್ಳೆಯ ಹುಡುಗ ಸಿಗಲಿ ಎಂದು ಬೇಕೆಂದೇ ಸೋತರು, ಅದರ ಫಲ ಈಗ ಉಣ್ಣುತ್ತಿದ್ದಾರೆ" ಎನ್ನುತ್ತಾರೆ. (ಡ್ರಾಫ್ಟ್ ಎಂದರೆ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ. ಹೆಚ್ಚು ಸೋತವರಿಗೆ ಮುಂಚಿನ ಸರದಿ ಸಿಗುವ ಅವಕಾಶ ಹೆಚ್ಚು.) ತಮ್ಮನ ಮಾತು ನಿಜವೇ, ನಿಜವಾದರೆ ಮ್ಯಾಚ್ ಫಿಕ್ಸಿಂಗ್ ಅಲ್ಲವೇ ಎಂದು ಕೇಳಿದ್ದೀರಿ.

ನಿಜವಲ್ಲ. ಆ ಲೀಗ್‌ನಲ್ಲಿ ಬೇಕೆಂದೇ ಸೋಲುವ ತಂಡಗಳು ಇವೆ, ಧಾರಾಳವಾಗಿಯೇ ಇವೆ. ಆದರೆ ನಿಮ್ಮ ತಮ್ಮ ಬೆರಳು ತೋರಿಸಿರುವುದು ತಪ್ಪು ತಂಡದ ಕಡೆಗೆ. ಕಡೇ ಪಕ್ಷ ತಪ್ಪು ವರ್ಷದ ಕಡೆಗೆ.

ಆಟಗಾರರೇ ಅಂಗಳದಲ್ಲಿ ನಿಂತು ಬೇಕೆಂದೇ ಸೋತರೆ ಅದು ಹೇಗಿರುತ್ತದೆ ಎಂಬುದನ್ನು ಬ್ಯಾಡ್ಮಿಂಟನ್ ನೋಡುವ ನಾವು ಕಣ್ಣಾರೆ ಕಂಡಿದ್ದೇವೆ. 2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳಾ ಡಬಲ್ಸ್‌ನಲ್ಲಿ ಚೀನಾದ ಒಂದು ಜೋಡಿ, ಇಂಡೊನೇಷ್ಯಾದ ಒಂದು, ದಕ್ಷಿಣ ಕೊರಿಯಾದ ಎರಡು ಜೋಡಿಗಳು ಮುಂದಿನ ಸುತ್ತಿನಲ್ಲಿ ಸುಲಭದ ಎದುರಾಳಿ ಸಿಗಲಿ ಎಂದು ಸರ್ವ್‌ಗಳನ್ನು ನೆಟ್‌ಗೆ ಹೊಡೆದವು. ಪ್ರೇಕ್ಷಕರು ಕೂಗಾಡಿದರು, ಎಂಟೂ ಆಟಗಾರ್ತಿಯರು ಕೂಟದಿಂದಲೇ ಹೊರಬಿದ್ದರು. ಅದೇ ಕೂಟದಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಕೂದಲೆಳೆಯ ಅಂತರದಲ್ಲಿ ಗುಂಪಿನಿಂದ ಮುಂದೆ ಹೋಗಲಾಗಲಿಲ್ಲ. ಜಪಾನ್ ಜೋಡಿ ತೈವಾನ್ ಜೋಡಿಗೆ ಸೋತ ಪಂದ್ಯದ ಬಗ್ಗೆ ಭಾರತ ದೂರು ಕೊಟ್ಟಿತು, ಅದು ತಳ್ಳಿಹೋಯಿತು. ಕೊಡಗಿನ ಹುಡುಗಿಗೆ ಆದ ಆ ಅನ್ಯಾಯ (ಅನ್ಯಾಯವೆಂದೇ ನನ್ನ ಅಭಿಪ್ರಾಯ) ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಎನ್‌ಬಿಎಯಲ್ಲಿ ನಡೆಯುವುದು ಈ ಬಗೆಯದಲ್ಲ. ಡ್ರಾಫ್ಟ್‌ಗಾಗಿ ಸೋಲುವುದರಲ್ಲಿ ಬುಕ್ಕಿಯೂ ಇಲ್ಲ, ನೆಟ್‌ಗೆ ಹೊಡೆಯುವ ಆಟಗಾರನೂ ಇಲ್ಲ. ಇಪ್ಪತ್ತು ವರ್ಷದ ಹುಡುಗನ ಜಾಗದಲ್ಲಿ ನಿಂತು ಯೋಚಿಸಿ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಿಗೂ ಖಾತರಿಯಿರುವುದು ಎರಡೇ ವರ್ಷದ ಸಂಬಳ. ಮೂರನೆಯ ಮತ್ತು ನಾಲ್ಕನೆಯ ವರ್ಷ ಇಟ್ಟುಕೊಳ್ಳುವುದೋ ಬಿಡುವುದೋ ತಂಡದ ಇಷ್ಟ. ಆಮೇಲಿನ ದೊಡ್ಡ ಒಪ್ಪಂದ ಅವನು ಈಗ ಗಳಿಸುವ ಅಂಕಗಳ ಮೇಲೆ ನಿಂತಿದೆ. ತಂಡ ಸೋತರೆ ಬರುವುದು ಯಾರು? ಅವನದೇ ಸ್ಥಾನಕ್ಕೆ ಇನ್ನೊಬ್ಬ, ಅವನಿಗಿಂತ ಚಿಕ್ಕವನು. ತನ್ನ ಕುರ್ಚಿಗೆ ಬೇರೊಬ್ಬನನ್ನು ಕರೆತರಲು ಯಾವ ಆಟಗಾರನೂ ಬೆವರು ಸುರಿಸಿ ಸೋಲುವುದಿಲ್ಲ. ಅಲ್ಲಿ ಸೋಲನ್ನು ಏರ್ಪಡಿಸುವುದು ಆಡಳಿತ ಕಚೇರಿ: ಹಿರಿಯ ಆಟಗಾರರನ್ನು ಮಾರುವುದು, ಗೆಲ್ಲಿಸಬಲ್ಲವನಿಗೆ "ಮಂಡಿನೋವು" ಎಂದು ಬೆಂಚು ಕಾಯಿಸುವುದು, ಉಳಿದ ಹುಡುಗರಿಗೆ ಮನಸ್ಸಿಟ್ಟು ಆಡಿ ಎಂದು ಬೆನ್ನು ತಟ್ಟುವುದು. ಹುಡುಗರು ಮನಸ್ಸಿಟ್ಟೇ ಆಡುತ್ತಾರೆ, ಸೋಲುತ್ತಾರೆ. ಇದನ್ನು ಅಲ್ಲಿ ಟ್ಯಾಂಕಿಂಗ್ ಎನ್ನುತ್ತಾರೆ.

ಐಪಿಎಲ್ ನೋಡಿ ಬೆಳೆದವರಿಗೆ ಇದರ ಲಾಭ ತಟ್ಟನೆ ಹೊಳೆಯುವುದಿಲ್ಲ. ಐಪಿಎಲ್ ಹರಾಜಿನಲ್ಲಿ ಕೊನೆಯ ಸ್ಥಾನದ ತಂಡಕ್ಕೂ ಮೊದಲ ಸ್ಥಾನದ ತಂಡಕ್ಕೂ ಹಣದ ಮಿತಿ ಒಂದೇ, ಸೋತವರಿಗೆ ಬಹುಮಾನವಿಲ್ಲ. ಎನ್‌ಬಿಎಯಲ್ಲಿ ಹೊಸ ಆಟಗಾರರನ್ನು ಹರಾಜು ಹಾಕುವುದಿಲ್ಲ, ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುತ್ತವೆ. ಪ್ಲೇಆಫ್ ತಲುಪದ 14 ತಂಡಗಳ ನಡುವೆ ಮೊದಲ ನಾಲ್ಕು ಸರದಿಗಳಿಗೆ ಲಾಟರಿ. 14 ಚೆಂಡುಗಳಲ್ಲಿ ನಾಲ್ಕನ್ನು ಎತ್ತಿದರೆ 1,001 ಜೋಡಣೆಗಳಾಗುತ್ತವೆ. ಒಂದನ್ನು ಬಿಟ್ಟು ಉಳಿದ ಸಾವಿರವನ್ನು ತಂಡಗಳಿಗೆ ಹಂಚಿರುತ್ತಾರೆ, ಹೆಚ್ಚು ಸೋತವರಿಗೆ ಹೆಚ್ಚು. ಮೊದಲು ಅತಿ ಕಳಪೆ ತಂಡಕ್ಕೆ ಅಗ್ರಸ್ಥಾನ ಸಿಗುವ ಅವಕಾಶ ಶೇ. 25 ಇತ್ತು. 2019ರ ಲಾಟರಿಯಿಂದ ಕೆಳಗಿನ ಮೂರೂ ತಂಡಗಳಿಗೆ ಸಮನಾಗಿ ಶೇ. 14 ಮಾಡಿದರು. ಇನ್ನೊಂದು ಅಂಕಿಯನ್ನು ನಿಮ್ಮ ತಮ್ಮನಿಗೆ ತಪ್ಪದೇ ಹೇಳಿ: 2019ರ ಆ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಸೋತ ತಂಡ ಐದನೆಯ ಸರದಿಗೆ ಜಾರುವ ಸಾಧ್ಯತೆ ಶೇ. 47.9. ಹತ್ತಿರಹತ್ತಿರ ಅರ್ಧಕ್ಕರ್ಧ.

ಇನ್ನು ಡೆಟ್ರಾಯಿಟ್. ನಾನು ಬೆಂಗಳೂರಿನಲ್ಲಿ ಹೈಸ್ಕೂಲು ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುವವನು. ಡೆಟ್ರಾಯಿಟ್‌ನಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗಿನ ಐದೂವರೆಗೆ ಬರುತ್ತದೆ, ಅಂಗಳಕ್ಕೆ ಹೊರಡುವ ಮುಂಚೆ ಸ್ವಲ್ಪ ನೋಡಲು ಹದವಾದ ಹೊತ್ತು. ಆ ಸರಣಿ ಸೋಲನ್ನು ನಾನು ಸಾಕಷ್ಟು ನೋಡಿದ್ದೇನೆ, ಆದ್ದರಿಂದ ಇಲ್ಲಿ ಕೊಂಚ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲನೆಯದಾಗಿ, ಸೋಲಬೇಕೆಂದಿರುವ ಮಾಲೀಕ ಮಾಡದ ಖರ್ಚನ್ನು ಟಾಮ್ ಗೋರ್ಸ್ ಮಾಡಿದ್ದರು. 2023ರ ಜೂನ್‌ನಲ್ಲಿ ಮಾಂಟಿ ವಿಲಿಯಮ್ಸ್ ಅವರನ್ನು ಕೋಚ್ ಆಗಿ ತಂದದ್ದು ಆರು ವರ್ಷಕ್ಕೆ 7.85 ಕೋಟಿ ಡಾಲರ್ ಕೊಟ್ಟು. ಅಲ್ಲಿಯವರೆಗೆ ಆ ಲೀಗ್‌ನ ಯಾವ ಕೋಚ್‌ಗೂ ಅಷ್ಟು ದೊಡ್ಡ ಒಪ್ಪಂದ ಸಿಕ್ಕಿರಲಿಲ್ಲ. ಆಟ ಹೊಂದಿಸಲು ಅನುಭವಿ ಪಾಯಿಂಟ್ ಗಾರ್ಡ್ ಮಾಂಟೆ ಮಾರಿಸ್ ಅವರನ್ನೂ ತಂದಿದ್ದರು. ಋತು ಶುರುವಾಗುವ ಹೊತ್ತಿಗೆ ಮಾರಿಸ್ ಗಾಯಾಳು, ತಂಡದ ನಂಬಿಕೆಯ ಶೂಟರ್ ಬೊಯಾನ್ ಬೊಗ್ದಾನೊವಿಚ್ ಕೂಡ ಗಾಯಾಳು.

ಎರಡನೆಯದು ಕಾಲ. ಮೊದಲ ಮೂರು ಪಂದ್ಯಗಳಲ್ಲಿ ಎರಡು ಗೆದ್ದು, ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ ಸೋತರು. ಟ್ಯಾಂಕಿಂಗ್ ಸಾಮಾನ್ಯವಾಗಿ ನವೆಂಬರ್‌ನ ಬೆಳೆಯಲ್ಲ. ಪ್ಲೇಆಫ್ ಆಸೆ ಕಮರಿದ ಮೇಲೆ, ಫೆಬ್ರವರಿಯ ಮಾರಾಟದ ಗಡುವು ಮುಗಿದ ಮೇಲೆ, ಮಾರ್ಚ್–ಏಪ್ರಿಲ್‌ನಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಇವೆರಡಕ್ಕಿಂತ ಮುಖ್ಯವಾದುದು ಅಂಗಳದಲ್ಲಿ ಏನು ನಡೆಯಿತು ಎಂಬುದು. ಡಿಸೆಂಬರ್ 26ರಂದು ಬ್ರೂಕ್ಲಿನ್ ವಿರುದ್ಧ ಸೋತು ಒಂದೇ ಋತುವಿನ ಸತತ ಸೋಲಿನ ದಾಖಲೆ ಬರೆದರಲ್ಲ, ಅವತ್ತು ತಂಡದ ಮುಖ್ಯ ಆಟಗಾರ ಕೇಡ್ ಕನ್ನಿಂಗ್‌ಹ್ಯಾಮ್ ಒಬ್ಬನೇ 41 ಅಂಕ ಗಳಿಸಿದ. ಸೋಲಬೇಕೆಂದಿರುವ ತಂಡ ಅವನನ್ನು ಮೂರನೆಯ ಕ್ವಾರ್ಟರ್‌ಗೇ ಕೂರಿಸುತ್ತಿತ್ತು. ಪ್ರೇಕ್ಷಕರು "ತಂಡವನ್ನು ಮಾರಿಬಿಡಿ" ಎಂದು ಮಾಲೀಕನಿಗೆ ಕೂಗುತ್ತಿದ್ದರು, ಆ ಹುಡುಗ ತಲೆ ತಗ್ಗಿಸಿ ಮತ್ತೆ ಬುಟ್ಟಿಯ ಕಡೆಗೆ ನುಗ್ಗುತ್ತಿದ್ದ. ಎರಡು ದಿನ ಬಿಟ್ಟು ಬಾಸ್ಟನ್‌ನಲ್ಲಿ ಪಂದ್ಯ. ತವರಿನಲ್ಲಿ ಆವರೆಗೆ ಒಂದೂ ಸೋಲದ, ಆ ವರ್ಷದ ಚಾಂಪಿಯನ್ ಆಗಲಿದ್ದ ತಂಡ. ಅದರೆದುರು ಪಿಸ್ಟನ್ಸ್ ಮೊದಲಾರ್ಧದಲ್ಲಿ 19 ಅಂಕ ಮುಂದಿತ್ತು. ಎರಡನೆಯ ಅರ್ಧದಲ್ಲಿ ಅದೆಲ್ಲ ಕರಗಿ, ಹೆಚ್ಚುವರಿ ಅವಧಿಯಲ್ಲಿ 128–122ಕ್ಕೆ ಸೋತರು. ಬೇಕೆಂದೇ ಸೋಲುವವರಿಗೆ ಇಷ್ಟು ಪಾಡು ಬೇಕಿಲ್ಲ.

ಹಾಗಾದರೆ ಏಕೆ ಸೋತರು? ಕನ್ನಿಂಗ್‌ಹ್ಯಾಮ್‌ಗೆ 22 ವರ್ಷ, ಜೇಡನ್ ಐವಿಗೆ 21, ಜೇಲನ್ ಡ್ಯೂರೆನ್‌ಗೆ ಆಗಷ್ಟೇ 20, ಔಸಾರ್ ಥಾಂಪ್ಸನ್‌ಗೂ 20. ವಯಸ್ಸೊಂದೇ ಕಾರಣವಾಗಿದ್ದರೆ ಒಂದಿಷ್ಟು ಪಂದ್ಯ ಸೋತು ಸುಧಾರಿಸಿಕೊಳ್ಳುತ್ತಿದ್ದರು. ದೊಡ್ಡ ಕೊರತೆ ದೂರದಿಂದ ಗುರಿಯಿಟ್ಟು ಎಸೆಯುವವರದು. ಥಾಂಪ್ಸನ್ ಅದ್ಭುತವಾಗಿ ತಡೆಯುತ್ತಾನೆ, ಆದರೆ ಆ ವರ್ಷ ಮೂರು ಅಂಕದ ಗೆರೆಯಾಚೆಯಿಂದ ನೂರು ಎಸೆದರೆ ಇಪ್ಪತ್ತೂ ಬೀಳಲಿಲ್ಲ. ಒಬ್ಬನಿಗೆ ಎಸೆಯಲು ಬರುವುದಿಲ್ಲ ಎಂದು ಗೊತ್ತಾದರೆ ಅವನನ್ನು ಕಾಯಬೇಕಾದವನು ಅವನನ್ನು ಬಿಟ್ಟು ಬುಟ್ಟಿಯ ಕೆಳಗೆ ಹೋಗಿ ನಿಲ್ಲುತ್ತಾನೆ. ಇಂಥವರು ಇಬ್ಬರಿದ್ದರೆ ಕನ್ನಿಂಗ್‌ಹ್ಯಾಮ್ ನುಗ್ಗುವ ದಾರಿಯಲ್ಲಿ ಮೂವರು ಅಡ್ಡ. ಜಾಗವಿಲ್ಲದ ಕಡೆ ಪಾಸ್ ಕೊಟ್ಟರೆ ಚೆಂಡು ಎದುರಾಳಿಯ ಕೈಗೆ. ಅವನು ಓಡಿಹೋಗಿ ಸುಲಭವಾಗಿ ಹಾಕುತ್ತಾನೆ. ಕೊನೆಯ ಐದು ನಿಮಿಷದಲ್ಲಿ ಇದೇ ನಾಲ್ಕು ಬಾರಿ ಆದರೆ ಪಂದ್ಯ ಹೋಯಿತು.

ಇದರ ಮೇಲೆ ಕೋಚ್‌ನ ಹಟ. ವಿಲಿಯಮ್ಸ್ ಐವಿಯನ್ನು ಬೆಂಚಿನಲ್ಲಿ ಕೂರಿಸಿ ಕಿಲಿಯನ್ ಹೇಯ್ಸ್‌ನನ್ನು ಆರಂಭದಲ್ಲಿ ಆಡಿಸುತ್ತಿದ್ದರು, ಐದಕ್ಕೆ ಐದೂ ಬೆಂಚಿನವರನ್ನು ಒಟ್ಟಿಗೆ ಇಳಿಸುತ್ತಿದ್ದರು. ಸೋಲುವ ಉದ್ದೇಶವಿದ್ದಿದ್ದರೆ ಇದನ್ನು ಜಾಣತನ ಎನ್ನಬಹುದಿತ್ತು. ಐದು ವರ್ಷದ ಸಂಬಳ ಬಾಕಿಯಿರುವಾಗಲೇ ಅವರನ್ನು 2024ರ ಜೂನ್‌ನಲ್ಲಿ ಮನೆಗೆ ಕಳುಹಿಸಿದರು. ಹೇಳಿದ ಕೆಲಸವನ್ನೇ ಮಾಡಿದವನಿಗೆ ಯಾರೂ ಹಾಗೆ ಮಾಡುವುದಿಲ್ಲ.

ನಮ್ಮಲ್ಲಿಯೂ ಹದಿನಾರು ವರ್ಷದೊಳಗಿನವರ ಪಂದ್ಯದಲ್ಲಿ ಹತ್ತು ಅಂಕದ ಮುನ್ನಡೆ ಮೂರು ನಿಮಿಷದಲ್ಲಿ ಮಾಯವಾದಾಗ, ಗ್ಯಾಲರಿಯಿಂದ ಯಾರಾದರೂ ತಂದೆ ಬಂದು "ಬೇಕೆಂದೇ ಬಿಟ್ಟುಬಿಟ್ಟರಾ ಸರ್?" ಎಂದು ಕೇಳುವುದುಂಟು. ಎಳೆಯರ ಗಾಬರಿ ದೂರದಿಂದ ನೋಡುವವರಿಗೆ ಸೋಮಾರಿತನದಂತೆಯೋ ಸಂಚಿನಂತೆಯೋ ಕಾಣುತ್ತದೆ. ಒಬ್ಬ ಚೆಂಡು ಹಿಡಿದು ನಿಂತುಬಿಡುತ್ತಾನೆ, ಇನ್ನೊಬ್ಬ ತಾನೇ ಗೆಲ್ಲಿಸುತ್ತೇನೆಂದು ಅರ್ಧ ಅಂಗಳದಿಂದ ಎಸೆಯುತ್ತಾನೆ. ಲಕ್ಷಾಂತರ ಡಾಲರ್ ಸಂಬಳ ಬಂದರೂ ಇಪ್ಪತ್ತರ ಹುಡುಗ ಇಪ್ಪತ್ತರ ಹುಡುಗನೇ. ಕೊನೆಗೆ ಡಿಸೆಂಬರ್ 30ರಂದು ಟೊರಾಂಟೊ ವಿರುದ್ಧ 129–127ರಿಂದ ಗೆದ್ದರು. ಟೊರಾಂಟೊ ಅದೇ ದಿನ ಒ.ಜಿ. ಅನುನೊಬಿಯನ್ನು ನ್ಯೂಯಾರ್ಕ್‌ಗೆ ಕೊಟ್ಟು ಬಲಗುಂದಿತ್ತು ಎಂಬುದೂ ನಿಜ. ಆಗಲಿ, ಗೆಲುವು ಗೆಲುವೇ.

ಈಗ "ಫಲ ಉಣ್ಣುತ್ತಿದ್ದಾರೆ" ಎಂಬ ವಾದ. 14 ಗೆಲುವು, 68 ಸೋಲಿನೊಂದಿಗೆ ತಳದಲ್ಲಿ ನಿಂತ ಆ ತಂಡಕ್ಕೆ 2024ರ ಡ್ರಾಫ್ಟ್‌ನಲ್ಲಿ ಸಿಕ್ಕಿದ್ದು ಐದನೆಯ ಸರದಿ. ಆರಿಸಿಕೊಂಡದ್ದು ರಾನ್ ಹಾಲೆಂಡ್‌ನನ್ನು. ಮರುವರ್ಷ ಆತ ಹೆಚ್ಚಾಗಿ ಬೆಂಚಿನಿಂದ ಬಂದು ಆಡಿದ. ತಂಡವನ್ನು ಎತ್ತಿದ ಕನ್ನಿಂಗ್‌ಹ್ಯಾಮ್ ಬಂದದ್ದು 2021ರಲ್ಲಿ, ಅವನು ಆ 28 ಸೋಲಿನ ಫಲವಲ್ಲ. ಬದಲಾದದ್ದು ಬೇರೆ: ಟ್ರಾಜನ್ ಲ್ಯಾಂಗ್ಡನ್ ಆಡಳಿತ ವಹಿಸಿಕೊಂಡರು, ಜೆ.ಬಿ. ಬಿಕರ್‌ಸ್ಟಾಫ್ ಕೋಚ್ ಆದರು, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್, ಟೊಬಾಯಸ್ ಹ್ಯಾರಿಸ್ ಬಂದರು. ಅಂದರೆ ದೂರದಿಂದ ಎಸೆಯಬಲ್ಲ ದೊಡ್ಡವರು. ದಾರಿ ತೆರೆಯಿತು, ಕನ್ನಿಂಗ್‌ಹ್ಯಾಮ್ ಆಲ್‌ಸ್ಟಾರ್ ಆದ (ಲೀಗ್‌ನ ಶ್ರೇಷ್ಠರಷ್ಟೇ ಆಡುವ ಪ್ರದರ್ಶನ ಪಂದ್ಯಕ್ಕೆ ಆಯ್ಕೆಯಾದ). ಇಷ್ಟೇ ಸಂಗತಿ. ಇದನ್ನು ಒಂದು ವರ್ಷ ಮುಂಚೆಯೇ ಮಾಡಿದ್ದರೆ ಆ 28ರ ದಾಖಲೆ ಇರುತ್ತಿರಲಿಲ್ಲ.

ಬೇಕೆಂದೇ ಸೋತವರನ್ನು ನೋಡಬೇಕಿದ್ದರೆ ಫಿಲಡೆಲ್ಫಿಯಾ ನೋಡಿ. 2013ರಲ್ಲಿ ಸ್ಯಾಮ್ ಹಿಂಕಿ ಆಡಳಿತ ವಹಿಸಿಕೊಂಡವರೇ ಡ್ರಾಫ್ಟ್ ರಾತ್ರಿ ತಂಡದ ಆಲ್‌ಸ್ಟಾರ್ ಜ್ರೂ ಹಾಲಿಡೇಯನ್ನು ಕೊಟ್ಟು, ಮಂಡಿ ಶಸ್ತ್ರಚಿಕಿತ್ಸೆಯಾಗಿದ್ದ ನರ್ಲೆನ್ಸ್ ನೋಯಲ್‌ನನ್ನು ತಂದರು. ಮೂರು ಋತುಗಳ ಗೆಲುವು ಕ್ರಮವಾಗಿ 19, 18, 10. ಮುಚ್ಚುಮರೆ ಇರಲಿಲ್ಲ, ಅಭಿಮಾನಿಗಳೇ ಅದಕ್ಕೆ ಹೆಸರಿಟ್ಟು ಘೋಷಣೆ ಕೂಗಿದರು. ಸಿಕ್ಕಿದ್ದೇನು? ಜೋಯೆಲ್ ಎಂಬೀಡ್ ಎಂಬ ನಿಜವಾದ ರತ್ನ, 2023ರ ಅತ್ಯುತ್ತಮ ಆಟಗಾರ. ಹಿಂಕಿ ಹೋದ ಮೇಲೆ ಎರಡು ಬಾರಿ ಮೊದಲ ಸರದಿಯೂ ಸಿಕ್ಕಿತು. ಆದರೂ 2025ರವರೆಗೆ ಪ್ಲೇಆಫ್‌ನ ಎರಡನೆಯ ಸುತ್ತು ದಾಟಲಾಗಲಿಲ್ಲ.

ಡಲ್ಲಾಸ್‌ನದು ಇನ್ನೂ ನಾಜೂಕಿನ ಕೆಲಸ. ಅದರ ಆಗಿನ ಮಾಲೀಕ ಮಾರ್ಕ್ ಕ್ಯೂಬನ್‌ಗೆ, ಸೋಲುವುದೇ ನಮಗೆ ಒಳ್ಳೆಯದು ಎಂದು ಆಟಗಾರರಿಗೆ ಹೇಳಿದೆನೆಂದು ಬಹಿರಂಗವಾಗಿ ಒಪ್ಪಿಕೊಂಡದ್ದಕ್ಕೆ 2018ರಲ್ಲಿ 6 ಲಕ್ಷ ಡಾಲರ್ ದಂಡ ಬಿದ್ದಿತ್ತು. 2023ರ ಏಪ್ರಿಲ್‌ನಲ್ಲಿ ಮತ್ತೆ. ಹಿಂದಿನ ಒಂದು ಕೊಡುಕೊಳ್ಳುವಿಕೆಯ ಷರತ್ತಿನಂತೆ, ಅವರ ಡ್ರಾಫ್ಟ್ ಸರದಿ ಮೊದಲ ಹತ್ತರೊಳಗೆ ಬರದಿದ್ದರೆ ನ್ಯೂಯಾರ್ಕ್ ಪಾಲಾಗುತ್ತಿತ್ತು. ಪ್ಲೇಆಫ್ ಅವಕಾಶ ಇನ್ನೂ ಜೀವಂತವಿರುವಾಗಲೇ ಷಿಕಾಗೊ ವಿರುದ್ಧ ಪ್ರಮುಖರನ್ನು ಆಡಿಸಲಿಲ್ಲ, ಸೋತರು. ಲೀಗ್ ವಿಚಾರಣೆ ಮಾಡಿ 7.5 ಲಕ್ಷ ಡಾಲರ್ ದಂಡ ಹಾಕಿತು, ಸರದಿಯನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ಹತ್ತನೆಯ ಸರದಿ ಉಳಿಯಿತು, ಅದನ್ನು ಒಕ್ಲಹೋಮಾ ಸಿಟಿಗೆ ಕೊಟ್ಟು ಹನ್ನೆರಡನೆಯದರಲ್ಲಿ ಡೆರೆಕ್ ಲೈವ್ಲಿಯನ್ನು ಪಡೆದರು, ಮರುವರ್ಷವೇ ಅವನೊಂದಿಗೆ ಫೈನಲ್ ತಲುಪಿದರು. ನಿಮ್ಮ ಫಿಕ್ಸಿಂಗ್ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಜೂಜಿಗಾಗಿ ಆಡಿದ ಆಟಗಾರನನ್ನು ಆ ಲೀಗ್ ಆಜೀವ ಹೊರಹಾಕುತ್ತದೆ. ಸೋಲನ್ನು ಏರ್ಪಡಿಸಿದ ತಂಡಕ್ಕೆ ಕೊಡುವುದು ಕೋಟ್ಯಧಿಪತಿಯ ಜೇಬಿನ ಚಿಲ್ಲರೆಯಷ್ಟು ದಂಡ. ನನಗೆ ಇದು ಸರಿಕಾಣುವುದಿಲ್ಲ. ಕಡೇ ಪಕ್ಷ ಆ ಸರದಿಯನ್ನಾದರೂ ಕಿತ್ತುಕೊಳ್ಳಬೇಕಿತ್ತು.

ನಿಮ್ಮ ತಮ್ಮನ ಅನುಮಾನ ಪೂರಾ ಗಾಳಿಮಾತಲ್ಲ ಎನ್ನಲು ಒಂದು ಕಡೆ ಜಾಗವಿದೆ: ಅದರ ಹಿಂದಿನ ಋತು, 2022–23. ಹನ್ನೆರಡೇ ಪಂದ್ಯ ಆಡಿದ ಕನ್ನಿಂಗ್‌ಹ್ಯಾಮ್ ಮೊಣಕಾಲಿನ ಕೆಳಗಿನ ಮೂಳೆಯ ಶಸ್ತ್ರಚಿಕಿತ್ಸೆಗೆ ಹೋದ. ಗಾಯ ನಿಜವೇ. ಆದರೆ ಆ ವರ್ಷದ ಡ್ರಾಫ್ಟ್‌ಗೆ ಬರಲಿದ್ದವನು ಎಲ್ಲ ತಂಡಗಳೂ ಕಣ್ಣಿಟ್ಟಿದ್ದ ಫ್ರಾನ್ಸ್‌ನ ಹುಡುಗ ವಿಕ್ಟರ್ ವೆಂಬನ್ಯಾಮ, ಇಡೀ ಲೀಗ್‌ಗೆ ಅದು ಗೊತ್ತಿತ್ತು. ಪಿಸ್ಟನ್ಸ್ 17 ಗೆದ್ದು 65 ಸೋತು ತಳದಲ್ಲಿ ನಿಂತಿತು. ಆ ಸೋಲುಗಳಿಗೆ ಅಲ್ಲಿನ ಕಚೇರಿಯಲ್ಲಿ ಯಾರೂ ನಿದ್ದೆಗೆಟ್ಟಿರಲಾರರು ಎಂದೇ ನನ್ನ ಅಂದಾಜು. ಲಾಟರಿಯಲ್ಲಿ ವೆಂಬನ್ಯಾಮ ಸ್ಯಾನ್ ಆಂಟೋನಿಯೊ ಪಾಲಾದ. ಪಿಸ್ಟನ್ಸ್‌ಗೆ ಆಗಲೂ ಬಂದದ್ದು ಐದನೆಯ ಸರದಿಯೇ, ಅದರಲ್ಲಿ ಆರಿಸಿಕೊಂಡದ್ದು ನಾನು ಮೇಲೆ ಹೇಳಿದ, ಎಸೆಯಲು ಬಾರದ ಆ ಔಸಾರ್ ಥಾಂಪ್ಸನ್‌ನನ್ನು.