ಹನ್ನೆರಡು ಹಸುವಿನ ಗ್ಯಾಸಿಗೆ ಕಂಪ್ರೆಸರ್ ಬೇಕಾ?

ಅಣ್ಣಾ, ಕೊಟ್ಟಿಗೆಯಲ್ಲಿ ಹನ್ನೆರಡು ಹಸು ಇವೆ, ಗೋಬರ್ ಗ್ಯಾಸನ್ನೇ ಶುದ್ಧ ಮಾಡಿ ಸಿಎನ್‌ಜಿ ಥರ ಮಾರಬಹುದಾ ಅಂತ ಕೇಳಿದ್ದೀರಿ. ಸಗಣಿಯಿಂದಲೇ ಲೆಕ್ಕ ಶುರು ಮಾಡೋಣ.

ದಿನಕ್ಕೆ ಸುಮಾರು 150 ಕೆಜಿ ಸಗಣಿ ಸಿಗುತ್ತದೆ. 25 ಕೆಜಿಗೆ ಒಂದು ಘನ ಮೀಟರ್ ಗ್ಯಾಸ್, ಅಂದರೆ 6 ಘನ ಮೀಟರ್. ಅದರಲ್ಲಿ ಉರಿಯುವ ಮೀಥೇನ್ ನೂರಕ್ಕೆ 55–60 ಮಾತ್ರ. ಗಾಡಿಗೆ ಹಾಕಬೇಕಾದರೆ ಕನಿಷ್ಠ 90 ಇರಬೇಕು. ಇಂಗಾಲದ ಡೈಆಕ್ಸೈಡ್ ತೆಗೆದು, ಕಂಪ್ರೆಸರಿನಿಂದ 200 ಬಾರ್ (ಗಾಳಿಯ ಒತ್ತಡದ ಸುಮಾರು ಇನ್ನೂರು ಪಟ್ಟು) ಒತ್ತಡದಲ್ಲಿ ತುಂಬಿದ ಮೇಲೆ ಕೈಗೆ ಬರುವುದು ಎರಡೂವರೆ ಕೆಜಿ. ಕೆಜಿಗೆ 70 ರೂಪಾಯಿ ಹಿಡಿದರೂ ದಿನಕ್ಕೆ 175. ಕರೆಂಟು, ಸಾಲದ ಬಡ್ಡಿ, ಲೈಸೆನ್ಸ್ ಎಲ್ಲ ಇದರಲ್ಲೇ ಆಗಬೇಕು. ಯೂಟ್ಯೂಬ್ ನೋಡಿ ಸುಮ್ನೆ ಸಿಲಿಂಡರಿಗೆ ತುಂಬಲು ಹೋಗಬೇಡಿ, ಜೀವಕ್ಕೇ ಅಪಾಯ.

ದೊಡ್ಡವರಿಗೂ ಇದು ಸಲೀಸಲ್ಲ. ಗುಜರಾತಿನ ಬನಾಸ್ ಡೈರಿ, ದಾಮಾ ಊರಿನಲ್ಲಿರುವ ತನ್ನ ಸಗಣಿ-ಸಿಎನ್‌ಜಿ ಘಟಕಕ್ಕೆ ರೈತರಿಂದ ಕೆಜಿಗೆ 1 ರೂಪಾಯಿಯಂತೆ ದಿನಕ್ಕೆ 40 ಟನ್ ಸಗಣಿ ಕೊಳ್ಳುತ್ತದೆ. ಒಂದು ಟನ್ನಿಂದ ಬರುವುದು 16–20 ಕೆಜಿ ಗ್ಯಾಸ್. ನಮ್ಮ ಅದೇ 70ರ ದರದಲ್ಲಿ 1,100ರಿಂದ 1,400 ರೂಪಾಯಿ. ಸಗಣಿಗೇ ಸಾವಿರ ಹೋಯಿತು! ಹಾಗಾಗಿ ಗ್ಯಾಸ್ ಜೊತೆಗೆ ಗೊಬ್ಬರವನ್ನೂ ಮಾರಲೇಬೇಕು. ಸಗಣಿಯಲ್ಲಿ ನೂರಕ್ಕೆ 80 ನೀರೇ ಅಲ್ವಾ, ದೂರದಿಂದ ತಂದರೆ ಬಾಡಿಗೆ ಕೊಟ್ಟು ನೀರು ಹೊತ್ತ ಹಾಗೆ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ಆದರೆ 25 ಟನ್ನಿಗೆ ಒಂದು ಟನ್ ಗ್ಯಾಸ್ ಬರುತ್ತದೆ, ಅದೂ ಒಂದೇ ಕಡೆ ರಾಶಿ ಬಿದ್ದಿರುತ್ತದೆ. ಈ ವ್ಯವಹಾರ ಮಂಡ್ಯ, ಬೆಳಗಾವಿ ಕಡೆಯ ಕಾರ್ಖಾನೆಗಳಿಗೆ ಒಗ್ಗೀತು, ನಮ್ಮ ಕೊಟ್ಟಿಗೆಗಲ್ಲ.

ನೀವು ಗ್ಯಾಸನ್ನು ಹಾಗೇ ಉರಿಸಿ. 6 ಘನ ಮೀಟರ್ ಅಂದರೆ ಎರಡೂವರೆ ಕೆಜಿ ಎಲ್‌ಪಿಜಿಗೆ ಸಮ, ಆರು ದಿನಕ್ಕೊಂದು ಸಿಲಿಂಡರ್ ಉಳಿದ ಹಾಗೆ. ಅಡುಗೆ ಆಗಿ, ಹಾಲಿನ ಕ್ಯಾನ್ ತೊಳೆಯಲು ಬಿಸಿನೀರು ಕಾಯಿಸಿಯೂ ಮಿಕ್ಕುತ್ತದೆ. ಮಿಕ್ಕಿದ್ದರಲ್ಲಿ ನಾನು ಮೇವು ಕತ್ತರಿಸುವ ಯಂತ್ರದ ಎಂಜಿನ್ ಓಡಿಸಿದೆ. ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಇರುತ್ತಲ್ಲ, ಅದು ಎಂಟೇ ತಿಂಗಳಲ್ಲಿ ವಾಲ್ವ್ ತಿಂದು ಹಾಕಿತು. ಈಗ ಲೇತ್ ಅಂಗಡಿಯ ಕಬ್ಬಿಣದ ಚೂರಿಗೆ ತುಕ್ಕು ಹಿಡಿಸಿ, ನಾಲ್ಕಿಂಚಿನ ಪಿವಿಸಿ ಪೈಪಿಗೆ ತುಂಬಿ, ಅದರೊಳಗಿಂದ ಗ್ಯಾಸ್ ಹಾಯಿಸುತ್ತೇನೆ, ತುಕ್ಕು ಆ ವಾಸನೆ ಗ್ಯಾಸನ್ನು ಹಿಡಿದುಕೊಳ್ಳುತ್ತದೆ. ಚೂರು ಕಪ್ಪಾದರೆ ಹೊರಗೆ ತೆಗೆದು ತಟ್ಟೆಯಲ್ಲಿ ತೆಳ್ಳಗೆ ಹರಡಿ ಗಾಳಿಗೆ ಇಡಬೇಕು. ರಾಶಿ ಹಾಕಬೇಡಿ, ಬಿಸಿಯೇರಿ ಹೊಗೆ ಬರುತ್ತದೆ.

ಗ್ಯಾಸ್ ಬಂದ ಮೇಲೆ ಉಳಿಯುವ ಸಗಣಿ ನೀರು, ಅದೇ ಸ್ಲರಿ, ಈಗ ಎಲ್ಲಿಗೆ ಬಿಡುತ್ತಿದ್ದೀರಿ? ತೆಂಗಿನ ಬುಡಕ್ಕಾ, ಚರಂಡಿಗಾ?