ಹತ್ತು ನಿಮಿಷದಲ್ಲಿ ಕಾಣದವನು

ಸಂಪಾದಕರೇ,

ಹಿಂದಿನ ಸಂಚಿಕೆಯಲ್ಲಿ ಫ್ರಾನ್ಸಿನ ಫುಟ್‌ಬಾಲ್ ಆಟಗಾರ ಎನ್‌ಗೊಲೊ ಕಾಂಟೆ ಬಗ್ಗೆ ಎರಡು ಪುಟ ಬರೆದಿದ್ದೀರಿ. ಚೆನ್ನಾಗಿತ್ತು. ಆದರೆ ಇಂಥ ಕಥೆಗಳಿಂದ ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ. ನಾನು 32 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ಹುಡುಗನಲ್ಲಿ ಏನಿದೆ ಎಂದು ಹತ್ತು ನಿಮಿಷದಲ್ಲಿ ಹೇಳಬಲ್ಲೆ. ಪ್ರತಿಭೆ ಇದ್ದರೆ ಹದಿನೆಂಟರೊಳಗೆ ಎದ್ದು ಕಾಣುತ್ತದೆ. ಎಂಬಾಪೆಯನ್ನು ನೋಡಿ. ಇಪ್ಪತ್ತೈದಕ್ಕೆ ದೇಶದ ತಂಡ ಸೇರಿದವನು ಅದೃಷ್ಟವಂತ, ಅಷ್ಟೇ. ಅವನನ್ನು ತೋರಿಸಿ ಅಪ್ಪ ಅಮ್ಮಂದಿರಿಗೆ ಸುಮ್ನೆ ಆಸೆ ಹುಟ್ಟಿಸಬೇಡಿ.

— ಶಿವಮೊಗ್ಗದ ಒಬ್ಬ ಓದುಗ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಓದಿ ಖುಷಿಯೂ ಆಯಿತು, ಸ್ವಲ್ಪ ಸಿಟ್ಟೂ ಬಂತು. ಫುಟ್‌ಬಾಲ್ ಬಗ್ಗೆ ಇನ್‌ಲ್ಯಾಂಡ್ ಲೆಟರ್ ತುಂಬ, ಮಡಿಸುವ ಅಂಚಿನಲ್ಲೂ ಬಿಡದೆ ಬರೆಯುವ ಓದುಗರು ನಮಗೆ ವರ್ಷಕ್ಕೆ ಒಬ್ಬರು ಸಿಕ್ಕರೆ ಹೆಚ್ಚು. ಕ್ರಿಕೆಟ್ ಬಗ್ಗೆಯಾದರೆ ರಾಶಿ ಬೀಳುತ್ತದೆ. ಹಾಗಾಗಿ ಖುಷಿ. ಸಿಟ್ಟು ನಿಮ್ಮ ಆ ‘ಹತ್ತು ನಿಮಿಷ’ದ ಮೇಲೆ.

ಮೊದಲು ನೀವು ಹೇಳಿದ್ದರಲ್ಲಿ ಸರಿ ಇರುವುದನ್ನು ಒಪ್ಪಿಬಿಡುತ್ತೇನೆ. ಎಂಬಾಪೆ 18ಕ್ಕೆ ಫ್ರಾನ್ಸ್ ಪರ ಆಡಿದ. 19ಕ್ಕೆ ವಿಶ್ವಕಪ್ ಫೈನಲಿನಲ್ಲಿ ಗೋಲು ಹೊಡೆದ. ಅಂಥವನನ್ನು ಗುರುತಿಸಲು ಹತ್ತು ನಿಮಿಷವೂ ಬೇಡ, ಎರಡು ಸಾಕು. ದಪ್ಪ ಕನ್ನಡಕದ ನಾನೂ ಗುರುತಿಸುತ್ತೇನೆ. ಸುಳ್ಳು ಆಸೆಯ ಮಾತೂ ನಿಜ. ಕಾಂಟೆಯೇ ಆಟದ ಜೊತೆಗೆ ಅಕೌಂಟಿಂಗ್ ಓದಿಟ್ಟುಕೊಂಡಿದ್ದ, ಕಾಲು ಕೈ ಕೊಟ್ಟರೆ ಲೆಕ್ಕ ಕೈ ಹಿಡಿಯಲಿ ಅಂತ. ಒಪ್ಪಿದೆ. ಆಯಿತಲ್ಲ?

ಈಗ ಆ ಅದೃಷ್ಟದ ವಿಷಯಕ್ಕೆ ಬರೋಣ.

ಕಾಂಟೆಯ ಅಪ್ಪ ಅಮ್ಮ ಮಾಲಿ ದೇಶದಿಂದ ಬಂದವರು. ಹುಟ್ಟಿದ್ದು 1991ರಲ್ಲಿ, ಪ್ಯಾರಿಸ್ಸಿನಲ್ಲಿ. ಅಪ್ಪ ಬೇಗ ತೀರಿಕೊಂಡರು. ಹುಡುಗ ಸುಮಾರು ಹತ್ತು ವರ್ಷ ಆಡಿದ್ದು ಪ್ಯಾರಿಸ್ಸಿನ ಪಶ್ಚಿಮದ ಅಂಚಿನಲ್ಲಿರುವ ಸುರೆನ್ ಎಂಬ ಊರಿನ ಸಣ್ಣ ಕ್ಲಬ್ಬಿಗೆ. ದೊಡ್ಡ ಕ್ಲಬ್‌ಗಳ ಅಕಾಡೆಮಿಗಳು ಯಾವುವೂ ತೆಗೆದುಕೊಳ್ಳಲಿಲ್ಲ. ಗಿಡ್ಡ, ಸಣಕಲ ಅಂದರು. 19ನೇ ವಯಸ್ಸಿಗೆ ಬೂಲೋನ್ ಎಂಬ ಕಡಲತೀರದ ಊರಿನ ಕ್ಲಬ್ ಸೇರಿಸಿಕೊಂಡಿತು, ಅದೂ ಬಿ ಟೀಮಿಗೆ. ಪ್ರಾಕ್ಟೀಸಿಗೆ ಹೋಗುತ್ತಿದ್ದುದು ಮಕ್ಕಳು ಕಾಲಲ್ಲಿ ತಳ್ಳಿಕೊಂಡು ಹೋಗುವ ಸ್ಕೂಟರಿನಲ್ಲಿ. ಮುಖ್ಯ ತಂಡದಲ್ಲಿ ಮೊದಲ ಸಲ ಇಳಿದದ್ದು 2012ರ ಮೇ ತಿಂಗಳಲ್ಲಿ, ಬದಲಿ ಆಟಗಾರನಾಗಿ, ಕೆಲವೇ ನಿಮಿಷ. ಆ ವರ್ಷವೇ ಕ್ಲಬ್ ಮೂರನೇ ದರ್ಜೆಗೆ ಬಿತ್ತು. ಮೇಷ್ಟ್ರೇ, ಇದು ಯಾವ ಸೀಮೆ ಅದೃಷ್ಟ?

ಮುಂದಿನದು ನಿಮಗೂ ಗೊತ್ತು. ಮೂರನೇ ದರ್ಜೆಯಲ್ಲಿ ಒಂದು ವರ್ಷ. ಆಮೇಲೆ ಕಾನ್ ಎಂಬ ಕ್ಲಬ್ಬಿಗೆ, ಎರಡನೇ ದರ್ಜೆಯಲ್ಲಿ 38ಕ್ಕೆ 38 ಮ್ಯಾಚ್. ತಂಡ ಮೇಲಕ್ಕೆ ಹೋಯಿತು, ಅವನೂ ಹೋದ. 2015ರಲ್ಲಿ ಇಂಗ್ಲೆಂಡಿನ ಲೆಸ್ಟರ್. ಅಲ್ಲಿಯೂ ಕೋಚ್ ರನಿಯೇರಿ ಮೊದಲು ತಲೆ ಕೆರೆದುಕೊಂಡರಂತೆ, ಇಷ್ಟು ಸಣ್ಣವನು ಇಂಗ್ಲೆಂಡಿನಲ್ಲಿ ಬದುಕುತ್ತಾನಾ ಅಂತ. ಆಟಗಾರರನ್ನು ಹುಡುಕಿ ತರುವ ಸ್ಟೀವ್ ವಾಲ್ಶ್ ಅವರು ‘ಕಾಂಟೆ, ಕಾಂಟೆ’ ಎಂದು ಬೆನ್ನು ಬಿಡದೆ ಜಪ ಮಾಡಿದ್ದಕ್ಕೆ ಅವನು ಬಂದ. ಬೆಟ್ಟಿಂಗ್ ಅಂಗಡಿಗಳು ಒಂದಕ್ಕೆ 5000 ಕೊಡುತ್ತೇವೆ ಎಂದು ತಮಾಷೆ ಮಾಡಿದ್ದ ತಂಡ ಆ ಸೀಸನ್ ಲೀಗ್ ಗೆದ್ದಿತು. ಮರುವರ್ಷ ಅವನು ಚೆಲ್ಸಿಗೆ ಹೋದ. ಆ ವರ್ಷ ಚೆಲ್ಸಿ ಗೆದ್ದಿತು.

ಅವನ ಒಂದು ಹಳೆಯ ಮ್ಯಾಚ್ ಹಾಕಿಕೊಂಡು ಕೂತು ನೋಡಿ. ಚೆಂಡನ್ನಲ್ಲ, ಅವನನ್ನು ಮಾತ್ರ ನೋಡಿ. ನಾನು ಹಾಗೆ ನೋಡಿದ್ದೇನೆ. ಚೆಂಡು ಆ ಕಡೆ ಅಂಚಿನಲ್ಲಿರುತ್ತದೆ, ಇವನು ಮಧ್ಯದಲ್ಲಿ ಸಣ್ಣ ಸಣ್ಣ ಹೆಜ್ಜೆ ಹಾಕುತ್ತಿರುತ್ತಾನೆ. ಎದುರಾಳಿಯ ಭುಜ ಸ್ವಲ್ಪ ತಿರುಗಿದ್ದೇ ತಡ, ಇವನು ಹೊರಟಾಯಿತು. ಪಾಸ್ ತಲುಪಬೇಕಾದವನು ಚೆಂಡು ನಿಲ್ಲಿಸಿ ತಲೆ ಎತ್ತುವಷ್ಟರಲ್ಲಿ ಪಕ್ಕದಲ್ಲಿ ಒಂದು ಗಿಡ್ಡ ಕಾಲು. ಕಿತ್ತುಕೊಂಡ. ಅಟ್ಟಿಸಿಕೊಂಡು ಹೋಗಿ ಗೋಲು ಹೊಡೆಯುತ್ತಾನಾ? ಇಲ್ಲ. ಹತ್ತಿರ ಇದ್ದವನಿಗೆ ಕೊಟ್ಟ, ಮತ್ತೆ ಸಣ್ಣ ಹೆಜ್ಜೆ. ಭೂಮಿಯ ಮುಕ್ಕಾಲು ಪಾಲು ನೀರು, ಉಳಿದದ್ದು ಕಾಂಟೆ ಎಂದು ಜನ ಜೋಕ್ ಮಾಡುತ್ತಿದ್ದುದು ಸುಮ್ನೆ ಅಲ್ಲ.

ಈಗ ಹೇಳಿ. ನಮ್ಮ ಸೆಲೆಕ್ಷನ್ ಮೈದಾನದಲ್ಲಿ ಇಪ್ಪತ್ತೆರಡು ಹುಡುಗರಿಗೂ ಚೆಂಡು ತನ್ನ ಕಾಲಲ್ಲೇ ಇರಬೇಕು ಅಂತ ಆಸೆ. ಮೇಷ್ಟ್ರು ನೋಡುತ್ತಿದ್ದಾರಲ್ಲ! ಅಲ್ಲಿ ಚೆಂಡು ಕಿತ್ತು ತಕ್ಷಣ ಬೇರೆಯವನಿಗೆ ಕೊಟ್ಟುಬಿಡುವ ಹುಡುಗ ನಿಮ್ಮ ಕಣ್ಣಿಗೆ ಬೀಳುವುದಾದರೂ ಹೇಗೆ? ಹತ್ತು ನಿಮಿಷದಲ್ಲಿ ಕಾಣುವುದು ಚೆಂಡು ಇಟ್ಟುಕೊಳ್ಳುವವನು. ಚೆಂಡು ಕೊಡುವವನು ಕಾಣಬೇಕಾದರೆ ಒಂದು ಸೀಸನ್ ನೋಡಬೇಕು. 32 ವರ್ಷದಲ್ಲಿ ನೀವು ವಾಪಸ್ ಕಳಿಸಿದ ಹುಡುಗರಲ್ಲಿ ಎಷ್ಟು ಜನ ಚೆನ್ನಾಗಿ ಆಡುತ್ತಿದ್ದರು ಎಂದು ನಿಮಗೆ ಗೊತ್ತಾಗುವ ದಾರಿಯೇ ಇಲ್ಲ. ಆಡಿಸಲೇ ಇಲ್ಲವಲ್ಲ.

ಬೇಜಾರು ಮಾಡಿಕೊಳ್ಳಬೇಡಿ. ಇದರಲ್ಲಿ ನನ್ನ ಹಳೆಯ ನೋವೂ ಸೇರಿದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ತಾಲೂಕು ಮಟ್ಟದ ಪಂದ್ಯಕ್ಕೆ ಸೆಲೆಕ್ಷನ್ ನಡೆಯಿತು. ಶಾಲೆಯ ಎದುರಿನ ದರ್ಜಿಯ ಅಂಗಡಿಯಿಂದ ಟೇಪು ತರಿಸಿ, ಸ್ಟೋರ್ ರೂಮಿನ ಗೋಡೆ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ಗೆರೆಗಿಂತ ಕೆಳಗಿದ್ದವರು ಮನೆಗೆ. ನನ್ನ ಬೆಂಚಿನ ಗೆಳೆಯನೊಬ್ಬ ಇದ್ದ, ನಮ್ಮ ಗಲ್ಲಿ ಆಟದಲ್ಲಿ ಅವನನ್ನು ದಾಟಿ ಹೋದವರಿಲ್ಲ. ಅವನು ಗೋಡೆಗೆ ಒರಗಿ ಮೆಲ್ಲಗೆ ಹಿಮ್ಮಡಿ ಎತ್ತಿದ. ಮೇಷ್ಟ್ರು ಭುಜ ಹಿಡಿದು ಕೆಳಗೆ ಒತ್ತಿದರು. ಗೆರೆ ಅವನ ನೆತ್ತಿಯಿಂದ ಎರಡು ಬೆರಳು ಮೇಲಿತ್ತು. ನಾನು ಉದ್ದ, ನಮ್ಮ ಮನೆಯವರೆಲ್ಲ ಉದ್ದ. ನಾನು ಆಯ್ಕೆಯಾದೆ. ಆ ಪಂದ್ಯದಲ್ಲಿ ಚೆಂಡು ನನ್ನ ಕಾಲಿಗೆ ನಾಲ್ಕು ಸಲ ತಾಗಿರಬೇಕು, ಅದರಲ್ಲಿ ಒಂದು ಸಲ ನಮ್ಮದೇ ಗೋಲಿನ ಕಡೆಗೆ. 5-0ಯಲ್ಲಿ ಸೋತೆವು. ಗೆಳೆಯ ಬೇಲಿಯ ಆಚೆ ಸೈಕಲ್ ಕ್ಯಾರಿಯರ್ ಮೇಲೆ ಕೂತು ನೋಡುತ್ತಿದ್ದ. ನಗಲೂ ಇಲ್ಲ.

ಕಾಂಟೆಗೆ ಬರುತ್ತೇನೆ. ದೇಶದ ತಂಡಕ್ಕೆ ಮೊದಲು ಇಳಿದದ್ದು 2016ರ ಮಾರ್ಚ್‌ನಲ್ಲಿ, ನೆದರ್‌ಲೆಂಡ್ಸ್ ಎದುರು. ನಾಲ್ಕೇ ದಿನಕ್ಕೆ, ತನ್ನ 25ನೇ ಹುಟ್ಟಿದ ಹಬ್ಬದ ದಿನ, ರಷ್ಯಾ ಎದುರು ಆರಂಭದಿಂದಲೇ ಆಡಿ ಗೋಲು ಹೊಡೆದ. ಆದರೂ ಜಾಗ ಗಟ್ಟಿಯಾಗಲಿಲ್ಲ. ಆ ವರ್ಷದ ಯುರೋ ಕಪ್ಪಿನಲ್ಲಿ ಹಳದಿ ಕಾರ್ಡ್‌ಗಳಿಂದಾಗಿ ಕ್ವಾರ್ಟರ್ ಫೈನಲ್ ತಪ್ಪಿತು. ತಂಡ ಅವನಿಲ್ಲದೆ ಗೆದ್ದಿತು. ಅಷ್ಟೇ ಸಾಕಾಯಿತು, ಸ್ವಂತ ನೆಲದಲ್ಲಿ ನಡೆದ ಫೈನಲನ್ನು ಬೆಂಚಿನ ಮೇಲೆ ಕೂತು ನೋಡಿದ. ಫ್ರಾನ್ಸ್ ಸೋತಿತು. ಎರಡು ವರ್ಷ ಬಿಟ್ಟು ರಷ್ಯಾದ ವಿಶ್ವಕಪ್ಪಿನಲ್ಲಿ ಏಳಕ್ಕೆ ಏಳೂ ಮ್ಯಾಚಿನಲ್ಲಿ ಆರಂಭದ ಹನ್ನೊಂದರಲ್ಲಿ ಅವನಿದ್ದ. ಫೈನಲ್ ದಿನ ಹೊಟ್ಟೆ ಕೆಟ್ಟು 55ನೇ ನಿಮಿಷಕ್ಕೆ ಹೊರಗೆ ಬಂದ, ಅದು ಬೇರೆ ಮಾತು.

ಆ ಫೈನಲಿನ ಹನ್ನೊಂದು ಜನರನ್ನೇ ತೆಗೆದುಕೊಳ್ಳಿ. ಎಂಬಾಪೆ ಇದ್ದ, ಸರಿ. ಜೊತೆಗೆ ಜಿರೂ ಇದ್ದ. 21ರ ವಯಸ್ಸಿನಲ್ಲಿ ಮೂರನೇ ದರ್ಜೆಯ ಲೀಗಿನಲ್ಲಿದ್ದವನು, 25ಕ್ಕೆ ಮೊದಲ ಸಲ ದೇಶಕ್ಕೆ ಆಡಿದ. ಮುಂದೆ ಫ್ರಾನ್ಸಿನ ಗಂಡಸರ ತಂಡಕ್ಕೆ ಅಲ್ಲಿಯವರೆಗೆ ಅತಿ ಹೆಚ್ಚು ಗೋಲು ಹೊಡೆದವನಾದ, ಒಟ್ಟು 57. ಗ್ರೀಝ್‌ಮನ್ ಇದ್ದ. ಗಿಡ್ಡ ಎಂದು ಫ್ರಾನ್ಸಿನ ಕ್ಲಬ್‌ಗಳು ಬೇಡ ಅಂದಿದ್ದಕ್ಕೆ ಮೀಸೆ ಮೂಡುವ ಮೊದಲೇ ಸ್ಪೇನಿಗೆ ಹೋದ ಹುಡುಗ ಅವನು. ಕಾಂಟೆ ಸೇರಿ ಮೂವರು. ಹನ್ನೊಂದರಲ್ಲಿ ಮೂವರನ್ನು ಅದೃಷ್ಟ ಅನ್ನೋಕಾಗುತ್ತಾ ಮೇಷ್ಟ್ರೇ?

ಫ್ರಾನ್ಸಿನ ಮಾತು ಬಂತಲ್ಲ, ನಿಮ್ಮಂಥವರಿಗೆ ಗೊತ್ತಿದ್ದರೂ ಇನ್ನೊಮ್ಮೆ ಹೇಳಲು ಆಸೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಇದೇ ಫ್ರಾನ್ಸ್ ಎದುರು ಆಡಿದರು. ಬಹುಪಾಲು ಜನ ಬರಿಗಾಲಲ್ಲಿ. ಎರಡು ಪೆನಾಲ್ಟಿ ಹಾಳು ಮಾಡಿಕೊಂಡು 2-1ರಿಂದ ಸೋತರು. ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಅಂಥ ನೆಲ ಇದು. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಐದನೆಯದಕ್ಕೆ 2023ರವರೆಗೆ, ಫೈನಲ್ ನಡೆದ ಸೌದಿಯ ರಿಯಾದ್‌ವರೆಗೆ ಕಾಯಬೇಕಾಯಿತು. 54 ವರ್ಷ! ಮಧ್ಯೆ ನಾವೇನು ಮಾಡುತ್ತಿದ್ದೆವು? ಮೈದಾನಕ್ಕೆ ಕಾಂಪೌಂಡ್ ಕಟ್ಟುತ್ತಿದ್ದೆವು, ಟೇಪು ಹಿಡಿದು ನಿಂತಿದ್ದೆವು.

ಬರೀ ಆಟದಲ್ಲಿ ಅಲ್ಲ, ಎಲ್ಲ ಕಡೆ ಇದೇ ಟೇಪು. ಸೆಕೆಂಡ್ ಪಿಯುಸಿ ಮಾರ್ಕ್ಸ್ ಕಾರ್ಡ್ ಬಂದ ಸಂಜೆ ಹದಿನೇಳರ ಹುಡುಗಿಯ ಬಾಳು ಇಷ್ಟೇ ಎಂದು ನೆಂಟರೆಲ್ಲ ಸೇರಿ ತೀರ್ಮಾನ ಮಾಡಿಬಿಡುತ್ತಾರೆ. ಮೂವತ್ತರೊಳಗಿನ ಸಾಧಕರು ಅಂತ ಪಟ್ಟಿ, ಅದಕ್ಕೊಂದು ಸಮಾರಂಭ, ಶಾಲು. ನಲವತ್ತೆರಡಕ್ಕೆ ಮೊದಲ ಕಥೆ ಬರೆದವರಿಗೆ ಯಾರೂ ಕುರ್ಚಿ ಹಾಕುವುದಿಲ್ಲ. ನಮ್ಮ ಕಥಾಸ್ಪರ್ಧೆಯೂ ಸಾಚಾ ಅಲ್ಲ. 35 ವರ್ಷದ ಮಿತಿ ಅಲ್ಲಿಯೂ ಇತ್ತು, ಅದನ್ನು ಹಾಕಿದವನು ನಾನೇ. ತೆಗೆಯಿಸಿದ್ದು ನಮ್ಮ ಕರಡು ತಿದ್ದುವ ಹಿರಿಯರು. ಅವರೂ ಒಂಥರಾ ಕಾಂಟೆಯೇ. ತಪ್ಪು ಕಿತ್ತು ನಮ್ಮ ಕೈಗೆ ಕೊಟ್ಟು ಪಕ್ಕಕ್ಕೆ ಸರಿದುಬಿಡುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬ ಓದುಗರೂ ಅವರ ಹೆಸರು ಕೇಳಿ ಪತ್ರ ಬರೆದಿಲ್ಲ.

ಇನ್ನು ನಿಮ್ಮ ಪತ್ರದ ಮೂಲೆಯಲ್ಲಿ ಚಂದಾ ವಿಳಾಸ ಬದಲಿಸಿ ಅಂತ ಬರೆದಿದ್ದೀರಿ. ಬದಲಿಸೋಣ. ಆದರೆ ಹೊಸ ವಿಳಾಸದ ಪಿನ್‌ಕೋಡಿನಲ್ಲಿ ಐದೇ ಅಂಕಿ ಇದೆ, ಒಂದು ಅಂಕಿ ಗಿಡ್ಡ. ವಾಪಸ್ ಕಳಿಸಿಲ್ಲ, ಇಟ್ಟುಕೊಂಡಿದ್ದೇವೆ. ಉಳಿದ ಒಂದನ್ನು ಕಾರ್ಡಿನಲ್ಲಿ ಬರೆದು ಹಾಕಿ.